ಮಿದುಳಿನ ಲೆಕ್ಕದ ಪುಸ್ತಕ

ಸಂಶೋಧಕನ ಬೀರುವಿನಲ್ಲಿರುವ ದಾಖಲೆ ಯಾರ ಸೊತ್ತು?

ಹೆನ್ರಿ ಮೊಲೈಸನ್ ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕೇಳಿರಲಾರರು. ಆತ ಪಂಡಿತನಲ್ಲ, ಮುಂದಾಳಲ್ಲ, ಧನಿಕನೂ ಅಲ್ಲ. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಒಬ್ಬ ಸಾಮಾನ್ಯ ಮನುಷ್ಯ. ಎಳವೆಯಿಂದಲೂ ಮೂರ್ಛೆರೋಗ ಆತನನ್ನು ಕಾಡುತ್ತಿತ್ತು. ಔಷಧಗಳಿಂದ ಗುಣ ಕಾಣದೆ ೧೯೫೩ರಲ್ಲಿ, ೨೭ನೆಯ ವಯಸ್ಸಿನಲ್ಲಿ, ಆತ ಶಸ್ತ್ರಚಿಕಿತ್ಸೆಗೆ ಒಳಗಾದ. ವಿಲಿಯಂ ಸ್ಕೋವಿಲ್ ಎಂಬ ವೈದ್ಯರು ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಹಿಪ್ಪೋಕ್ಯಾಂಪಸ್ ಎಂಬ ಭಾಗವನ್ನೂ ಅದರ ನೆರೆಯ ಭಾಗಗಳನ್ನೂ ತೆಗೆದರು. ಮೂರ್ಛೆ ಬಹಳ ಮಟ್ಟಿಗೆ ಇಳಿಯಿತು. ಆದರೆ ಅದರೊಡನೆ ಹೊಸ ನೆನಪುಗಳು ನಿಲ್ಲುವ ಶಕ್ತಿಯೂ ಹೋಗಿಬಿಟ್ಟಿತು. ಈಗ ಕಂಡವರನ್ನು ಸ್ವಲ್ಪ ಹೊತ್ತಿನ ಮೇಲೆ ಕಂಡರೆ ಆತನಿಗೆ ಅವರು ಹೊಸಬರೇ. ಮುಂದಿನ ಐವತ್ತೈದು ವರ್ಷಗಳ ಕಾಲ ಆತ ಹೀಗೆಯೇ ಬದುಕಿದ. ಅಷ್ಟು ಕಾಲವೂ ಕೇಳಿದ ಸಂಶೋಧಕರಿಗೆಲ್ಲ ಬೇಸರವಿಲ್ಲದೆ ಉತ್ತರ ಹೇಳಿದ. ನೆನಪು ಮಿದುಳಿನಲ್ಲಿ ಹೇಗೆ ನಿಲ್ಲುತ್ತದೆಂಬ ವಿಷಯದಲ್ಲಿ ಜಗತ್ತಿಗೆ ಇಂದು ತಿಳಿದಿರುವ ಸಂಗತಿಗಳಲ್ಲಿ ಬಹಳಷ್ಟು ಆತನಿಂದ ತಿಳಿದವು. ಬದುಕಿರುವತನಕ ಗ್ರಂಥಗಳಲ್ಲಿ ಆತನ ಹೆಸರು ಎಚ್.ಎಂ. ಎಂಬ ಎರಡಕ್ಷರ ಮಾತ್ರ.

೨೦೦೮ರ ಡಿಸೆಂಬರಿನಲ್ಲಿ ಆತ ತೀರಿಕೊಂಡ. ಒಂದು ವರ್ಷದ ಅನಂತರ ಸ್ಯಾನ್ ಡಿಯಾಗೋ ನಗರದಲ್ಲಿ ಆತನ ಮಿದುಳನ್ನು ಹೆಪ್ಪುಗಟ್ಟಿಸಿ, ಎಡೆಬಿಡದೆ ೫೩ ಗಂಟೆಗಳ ಕಾಲ ಕೆಲಸ ಮಾಡಿ, ೨,೪೦೧ ತೆಳುಪದರಗಳಾಗಿ ಸೀಳಿದರು. ಒಂದೊಂದು ಪದರದ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ಒಂದೊಂದು ಪದರವನ್ನು ತೆಗೆಯುವ ಮುನ್ನವೂ ಛಾಯಾಚಿತ್ರ ತೆಗೆದರು; ಪದರಗಳನ್ನು ಅನುಕ್ರಮ ತಪ್ಪದಂತೆ ಜೋಡಿಸಿಟ್ಟರು. ಈ ಪದರಗಳಿಂದ ಸಿದ್ಧವಾದ ವರದಿ ೨೦೧೪ರಲ್ಲಿ ಪ್ರಕಟವಾದಾಗ ಒಂದು ಸಂಗತಿ ಸ್ಥಿರಪಟ್ಟಿತು. ಶಸ್ತ್ರವೈದ್ಯರು ತಾವು ತೆಗೆದುಹಾಕಿದೆವೆಂದು ೧೯೫೭ರ ಪ್ರಬಂಧದಲ್ಲಿ ಬರೆದಿದ್ದಷ್ಟು ಭಾಗ ನಿಜವಾಗಿ ಹೋಗಿರಲಿಲ್ಲ. ಹಿಪ್ಪೋಕ್ಯಾಂಪಸಿನ ಹಿಂಬದಿಯ ಪಾಲು ಉಳಿದಿತ್ತು. ಆತ ಬದುಕಿದ್ದಾಗಲೇ ಯಂತ್ರದಿಂದ ತೆಗೆದ ಚಿತ್ರಗಳಲ್ಲಿ ಈ ಸುಳಿವು ಸಿಕ್ಕಿತ್ತು. ಪದರಗಳು ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟವು.

ಐವತ್ತು ವರ್ಷಗಳಿಗೂ ಮೀರಿ ಗ್ರಂಥಗಳಲ್ಲಿ ನಿಂತಿದ್ದ ಒಂದು ಮಾತನ್ನು ತಿದ್ದಲು ಸಾಧ್ಯವಾದದ್ದು ಮೂಲ ವಸ್ತು ಕೈಗೆ ಸಿಗುವಂತಿದ್ದುದರಿಂದ, ಮತ್ತು ಅದರ ಕ್ರಮ ತಪ್ಪದಂತೆ ಇಟ್ಟುದರಿಂದ. ಆ ೨,೪೦೧ ಪದರಗಳು ಅನುಕ್ರಮವಿಲ್ಲದೆ ಒಂದರಲ್ಲೊಂದು ಕಲೆತುಹೋಗಿದ್ದರೆ ಆ ಮಹಾದಾನ ವ್ಯರ್ಥವಾಗುತ್ತಿತ್ತು. ಮಿದುಳಿನ ಸಂಶೋಧನೆಯಲ್ಲಿ ಹೊಸದನ್ನು ಕಾಣುವುದು ಎಷ್ಟು ಮುಖ್ಯವೋ, ಕಂಡದ್ದನ್ನು ಇನ್ನೊಬ್ಬರಿಗೆ ಓದಲು ಬರುವಂತೆ ಇಡುವುದೂ ಅಷ್ಟೇ ಮುಖ್ಯ. ಈ ಎರಡನೆಯ ಕೆಲಸ ಬಹುಕಾಲ ಹೇಗೆ ಹಿಂದೆ ಬಿದ್ದಿತ್ತು, ಅದರಿಂದ ಆದ ಕೆಡುಕೇನು, ಈಗ ಏನಾಗುತ್ತಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ದತ್ತಾಂಶವೆಂದರೇನು?

ಬದುಕಿರುವವರ ಮಿದುಳನ್ನು ಸೀಳಿ ನೋಡುವಂತಿಲ್ಲವಷ್ಟೆ. ಅದಕ್ಕಾಗಿ ಎಂ.ಆರ್.ಐ. ಯಂತ್ರವಿದೆ. ಈ ನಮ್ಮ ಮುಂಬಯಿ, ಪುಣೆ, ಚೆನ್ನೈ ನಗರಗಳ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಕಂಡವರು ಅನೇಕರಿರಬಹುದು. ಬಲವಾದ ಅಯಸ್ಕಾಂತದ ಸುರಂಗದೊಳಗೆ ಮಲಗಿಸಿ, ಚರ್ಮಕ್ಕೆ ಸೂಜಿಯ ಮೊನೆಯನ್ನೂ ತಾಕಿಸದೆ ಒಳಗಿನ ಚಿತ್ರವನ್ನು ತೆಗೆಯುತ್ತಾರೆ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೆಯೋ ಅಲ್ಲಿಗೆ ಪ್ರಾಣವಾಯು ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಈ ವ್ಯತ್ಯಾಸವನ್ನು ಅಯಸ್ಕಾಂತದ ಬಲದಿಂದ ಗುರುತಿಸಬಹುದೆಂದು ಜಪಾನಿನ ಸೇಜಿ ಒಗಾವಾ ಅವರು ೧೯೯೦ರಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಮನುಷ್ಯ ಯೋಚಿಸುವಾಗ, ಲೆಕ್ಕ ಮಾಡುವಾಗ, ಭಯಪಡುವಾಗ ಮಿದುಳಿನಲ್ಲಿ ಆಗುವ ಬದಲಾವಣೆಯನ್ನು ನೋಡುವ ಹೊಸ ವಿದ್ಯೆ ಬೆಳೆಯಿತು.

ಈ ಯಂತ್ರ ಮಿದುಳನ್ನು ಚಿಕ್ಕ ಚಿಕ್ಕ ಘನಗಳಾಗಿ ವಿಭಾಗಿಸುತ್ತದೆ. ಒಂದು ಘನದ ಅಳತೆ ಎರಡು ಮೂರು ಮಿಲಿಮೀಟರು. ಇಡೀ ಮಿದುಳಿನಲ್ಲಿ ಇಂಥವು ಹತ್ತಾರು ಸಾವಿರ. ಪ್ರತಿಯೊಂದು ಘನಕ್ಕೂ ಒಂದು ಅಂಕಿ. ಎರಡು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಅಂಕಿಗಳನ್ನು ತೆಗೆದರೆ, ಹತ್ತು ನಿಮಿಷ ಮಲಗಿದ ಒಬ್ಬ ಮನುಷ್ಯನಿಂದ ಇಂಥ ೩೦೦ ಪಟ್ಟಿಗಳು ದೊರೆಯುತ್ತವೆ. ಇವುಗಳ ಜೊತೆಗೆ ಆತನ ವಯಸ್ಸೆಷ್ಟು, ಯಾವ ಕೈ ರೂಢಿ, ಯಾವ ಕ್ಷಣದಲ್ಲಿ ಆತನಿಗೆ ಯಾವ ಚಿತ್ರ ತೋರಿಸಿದರು, ಯಂತ್ರವನ್ನು ಹೇಗೆ ಅಣಿಗೊಳಿಸಿದ್ದರು ಎಂಬ ವಿವರಗಳು ಸೇರಬೇಕು. ಇವೆಲ್ಲದರ ಒಟ್ಟು ಗಂಟಿಗೆ ದತ್ತಾಂಶವೆಂದು ಹೆಸರು.

ಪ್ರಬಂಧ ಅಚ್ಚಾಗುವಾಗ ಈ ಗಂಟಿನಲ್ಲಿ ಯಾವುದೂ ಅದರಲ್ಲಿರುವುದಿಲ್ಲ. ಅಲ್ಲಿರುವುದು ಬೂದುಬಣ್ಣದ ಮಿದುಳಿನ ಮೇಲೆ ಕೆಂಪು ಹಳದಿ ಬಣ್ಣಗಳ ನಾಲ್ಕು ಚುಕ್ಕೆ ಮತ್ತು ಕೆಲವು ಸಾಲು ವಿವರಣೆ. ವರ್ಷದ ಕೊನೆಯಲ್ಲಿ ಪಾಲುದಾರರ ಮುಂದೆ 'ಲಾಭ ಇಷ್ಟು' ಎಂಬ ಒಂದೇ ಚೀಟಿಯನ್ನಿಟ್ಟು, ದಿನವಹಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಂತೆ ಇದು. ಚೀಟಿ ಬರೆದವನು ಪ್ರಾಮಾಣಿಕನಾಗಿಯೇ ಇರಬಹುದು. ಆದರೆ ಕೂಡುವಾಗ ಒಂದು ತಪ್ಪಾಗಿದ್ದರೆ, ಪುಸ್ತಕವನ್ನು ಕಾಣದವನು ಅದನ್ನು ಕಂಡುಹಿಡಿಯುವುದು ಹೇಗೆ?

ಎಡ ಯಾವುದು, ಬಲ ಯಾವುದು?

ವಿವರವನ್ನು ಬರೆದಿಡದಿದ್ದರೆ ಎಂಥ ಫಜೀತಿಯಾಗುತ್ತದೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇವೆ. ೧೯೯೦ರ ದಶಕದಲ್ಲಿ ಮಿದುಳಿನ ಚಿತ್ರಗಳನ್ನು ಗಣಕಯಂತ್ರದಲ್ಲಿ ಇಡಲು ಬಳಕೆಯಲ್ಲಿದ್ದ ಒಂದು ಪ್ರಸಿದ್ಧ ವಿಧಾನದಲ್ಲಿ, ಚಿತ್ರದ ಯಾವ ಪಕ್ಕ ಎಡ, ಯಾವ ಪಕ್ಕ ಬಲ ಎಂಬುದನ್ನು ನಿಸ್ಸಂದೇಹವಾಗಿ ನಮೂದಿಸುವ ವ್ಯವಸ್ಥೆ ಇರಲಿಲ್ಲ. ಕ್ಷಕಿರಣ ವೈದ್ಯರು ರೋಗಿಯ ಕಾಲಿನ ಬಳಿ ನಿಂತು ನೋಡಿದಂತೆ ಚಿತ್ರವನ್ನು ಇಡುವುದು ರೂಢಿ. ಆಗ ರೋಗಿಯ ಎಡಪಕ್ಕ ನೋಡುವವರ ಬಲಕ್ಕೆ ಬರುತ್ತದೆ. ಮಿದುಳಿನ ಸಂಶೋಧಕರಲ್ಲಿ ಅನೇಕರು ಇದಕ್ಕೆ ತಿರುಗುಮುರುಗಾಗಿ ಇಡುತ್ತಿದ್ದರು. ಒಂದು ಪ್ರಯೋಗಶಾಲೆಯಿಂದ ಇನ್ನೊಂದಕ್ಕೆ ಚಿತ್ರ ಹೋದಾಗ ಮಿದುಳು ಮಗುಚಿದಂತಾಗುವ ಸಂಭವವಿತ್ತು. ಮಿದುಳಿನ ಎರಡು ಅರ್ಧಗಳೂ ನೋಟಕ್ಕೆ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮಾತಿನ ಶಕ್ತಿ ಬಹುಮಂದಿಯಲ್ಲಿ ಎಡಭಾಗದಲ್ಲಿರುತ್ತದೆ ಎಂದಮೇಲೆ, ಎಡಬಲ ಅದಲುಬದಲಾದರೆ ಉಳಿದ ತರ್ಕವೆಲ್ಲ ತಲೆಕೆಳಗು!

ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ ಬಲು ಸರಳ. ಯಂತ್ರದೊಳಗೆ ಮಲಗುವವರ ತಲೆಯ ಬಲಗಡೆಗೆ ಒಂದು ವಿಟಮಿನ್ 'ಇ' ಮಾತ್ರೆಯನ್ನು ಅಂಟಿಸುವುದು. ಮಾತ್ರೆಯೊಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಹೊಳೆಯುವ ಚುಕ್ಕೆ ಇರುವುದೇ ಬಲಗಡೆ, ವಾದಕ್ಕೆ ಎಡೆಯಿಲ್ಲ. ೨೦೦೦ದ ಅನಂತರದ ಮೊದಲ ವರ್ಷಗಳಲ್ಲಿ ನಿಫ್ಟಿ ಎಂಬ ಹೊಸ ವಿಧಾನವನ್ನು ಒಡಂಬಡಿಸಿಕೊಂಡು, ದಿಕ್ಕನ್ನು ಚಿತ್ರದೊಳಗೇ ಬರೆದಿಡುವ ಏರ್ಪಾಡು ಮಾಡಿದರು. (ಇದು ನಮ್ಮ ಶೇರುಪೇಟೆಯ ನಿಫ್ಟಿಯಲ್ಲವೆಂದು ಮುಂಬಯಿಯ ವಾಚಕರು ದಯವಿಟ್ಟು ಗಮನಿಸಬೇಕು.)

ಕೊಡಲು ಹಿಂಜರಿಕೆ ಏಕೆ?

೧೯೯೯ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಮೈಕೇಲ್ ಗಝಾನಿಗ ಎಂಬ ಹೆಸರಾಂತ ನರವಿಜ್ಞಾನಿಯ ಮುಂದಾಳ್ತನದಲ್ಲಿ ಮಿದುಳಿನ ಚಿತ್ರಗಳ ಒಂದು ಭಂಡಾರ ಆರಂಭವಾಯಿತು. ಅವರು ಒಂದು ಸಂಶೋಧನ ಪತ್ರಿಕೆಯ ಸಂಪಾದಕರೂ ಆಗಿದ್ದರು. ತಮ್ಮ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸುವವರು ಅದರ ಮೂಲ ದತ್ತಾಂಶವನ್ನು ಈ ಭಂಡಾರಕ್ಕೆ ಒಪ್ಪಿಸಬೇಕೆಂದು ಅವರು ೨೦೦೦ದಲ್ಲಿ ನಿಯಮ ಮಾಡಿದರು. ಕೂಡಲೇ ದೊಡ್ಡ ಕೋಲಾಹಲವೆದ್ದಿತು. ಸಂಶೋಧಕರು ಕೂಡಿ ವಿರೋಧಪತ್ರ ಬರೆದರು.

ಅವರ ಆಕ್ಷೇಪಣೆಗಳನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂದು ಪ್ರಯೋಗಕ್ಕೆ ಯಂತ್ರದ ಬಾಡಿಗೆ ತೆತ್ತು, ಜನರನ್ನು ಹುಡುಕಿ ತಂದು, ವಿದ್ಯಾರ್ಥಿಯೊಬ್ಬ ಮೂರು ನಾಲ್ಕು ವರ್ಷ ದುಡಿದಿರುತ್ತಾನೆ. ಒಂದೇ ಗಂಟಿನಿಂದ ನಾಲ್ಕು ಪ್ರಬಂಧಗಳನ್ನು ಬರೆಯುವ ಆಸೆ ಆತನಿಗಿರುತ್ತದೆ. ಮೊದಲನೆಯದು ಅಚ್ಚಾದೊಡನೆ ಗಂಟನ್ನು ಬೀದಿಗಿಟ್ಟರೆ, ಬೆವರು ಸುರಿಸದ ಇನ್ನೊಬ್ಬ ಬಂದು ಉಳಿದ ಮೂರನ್ನು ಬರೆದುಕೊಂಡು ಹೋಗಬಹುದು. ದತ್ತಾಂಶವನ್ನು ಅಚ್ಚುಕಟ್ಟು ಮಾಡಿ ವಿವರ ಬರೆಯುವುದಕ್ಕೆ ವಾರಗಟ್ಟಲೆ ಕಾಲ ಬೇಕು; ಅದಕ್ಕೆ ಸಂಬಳ ಕೊಡುವವರಾರು? ತನ್ನ ತಪ್ಪು ಹೊರಬಿದ್ದೀತೆಂಬ ಅಳುಕೂ ಕೆಲವರಲ್ಲಿ ಇಲ್ಲದಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಯೋಗಕ್ಕೆ ಒಪ್ಪಿ ಬಂದವರ ಗುಟ್ಟು ಕಾಪಾಡುವ ಹೊಣೆಯೂ ಇತ್ತು.

ಆ ಭಂಡಾರ ನೂರಕ್ಕೂ ಮಿಕ್ಕಿದ ಸಂಶೋಧನೆಗಳ ದತ್ತಾಂಶವನ್ನು ಕೂಡಿಸಿತು. ಕೇಳಿದವರಿಗೆ ಅಂಚೆಯಲ್ಲಿ ಕಳುಹಿಸಿತು. ಕಡೆಗೆ ಧನಸಹಾಯ ನಿಂತು ಹೊಸದನ್ನು ಪಡೆಯುವುದನ್ನು ನಿಲ್ಲಿಸಬೇಕಾಯಿತು. ಅದು ಸೋತಿತೆಂದು ಹೇಳುವುದಕ್ಕಿಂತ, ಕಾಲಕ್ಕೆ ಮುಂಚೆ ಹುಟ್ಟಿತೆಂದು ಹೇಳುವುದೇ ಸರಿ.

ಸುಮ್ಮನೆ ಮಲಗಿದವರಿಂದ ಬಂದ ಸಂಪತ್ತು

ಅನಂತರದ ತಿರುವಿಗೆ ಭಾರತೀಯ ಮೂಲದ ಒಬ್ಬ ವಿಜ್ಞಾನಿಯ ಸಂಬಂಧವಿದೆಯೆಂಬುದು ನಮಗೆ ಸಂತೋಷದ ಸಂಗತಿ. ಭರತ್ ಬಿಸ್ವಾಲ್ ಅವರು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ವಿದ್ಯಾರ್ಥಿಯಾಗಿದ್ದಾಗ ೧೯೯೫ರಲ್ಲಿ ಒಂದು ವಿಶೇಷವನ್ನು ಕಂಡರು. ಮನುಷ್ಯ ಯಂತ್ರದೊಳಗೆ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಮಲಗಿದ್ದರೂ, ಕೈಕಾಲುಗಳನ್ನು ಆಡಿಸುವ ಎಡಬಲ ಭಾಗಗಳು ಮಿದುಳಿನಲ್ಲಿ ಒಂದಕ್ಕೊಂದು ತಾಳ ಹಾಕಿದಂತೆ ಏರಿಳಿಯುತ್ತವೆ ಎಂಬುದೇ ಆ ವಿಶೇಷ.

ಹಂಚಿಕೆಗೆ ಇದು ಬಹಳ ಅನುಕೂಲವಾಯಿತು. ಹೇಗೆಂದರೆ, ಕೆಲಸ ಕೊಟ್ಟು ಮಾಡಿಸುವ ಪ್ರಯೋಗಗಳು ಊರಿಗೊಂದು ಬಗೆ. ಒಂದು ಊರಿನದನ್ನು ಇನ್ನೊಂದರ ಜೊತೆ ಕೂಡಿಸಲು ಬರುವುದಿಲ್ಲ. ಸುಮ್ಮನೆ ಮಲಗುವುದಾದರೋ ಎಲ್ಲ ಊರಿನಲ್ಲಿಯೂ ಒಂದೇ! ೨೦೦೯ರ ಡಿಸೆಂಬರಿನಲ್ಲಿ ಬಿಸ್ವಾಲ್ ಮತ್ತು ಅವರ ಸಂಗಡಿಗರು ಜಗತ್ತಿನ ನಾನಾ ಕೇಂದ್ರಗಳಿಂದ ಇಂಥ ಚಿತ್ರಗಳನ್ನು ಕೂಡಿಸಿ, ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಅಂತರಜಾಲದಲ್ಲಿ ತೆರೆದಿಟ್ಟರು. ೨೦೧೦ರಲ್ಲಿ ಅದರ ಪ್ರಬಂಧ ಹೊರಟಾಗ ಲೆಕ್ಕಕ್ಕೆ ಸೇರಿದವರು ೩೫ ಕೇಂದ್ರಗಳ ೧,೪೧೪ ಮಂದಿ. ದತ್ತಾಂಶ ಕೊಟ್ಟ ಸಂಶೋಧಕರೂ ಪ್ರಬಂಧದ ಕರ್ತೃಗಳಾದರು. ಕೊಟ್ಟವನಿಗೆ ಹೆಸರಿಲ್ಲವೆಂಬ ಕೊರಗಿಗೆ ಒಂದು ಪರಿಹಾರ ದೊರೆತಂತಾಯಿತು.

ಹೀಗೆ ತೆರೆದಿಟ್ಟ ಸಂಪತ್ತಿನಿಂದ ಆರು ವರ್ಷಗಳ ಮೇಲೆ ಒಂದು ಅನಿರೀಕ್ಷಿತ ಫಲ ದೊರೆಯಿತು. ಸ್ವೀಡನ್ ದೇಶದ ಆ್ಯಂಡರ್ಸ್ ಎಕ್ಲುಂಡ್ ಮತ್ತು ಅವರ ಇಬ್ಬರು ಸಂಗಡಿಗರು ೪೯೯ ಮಂದಿ ಆರೋಗ್ಯವಂತರ ಚಿತ್ರಗಳನ್ನು ತೆಗೆದುಕೊಂಡು ಒಂದು ಪರೀಕ್ಷೆ ನಡೆಸಿದರು. ಆರೋಗ್ಯವಂತರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಆ ಗುಂಪುಗಳ ಮಿದುಳಿನಲ್ಲಿ ವ್ಯತ್ಯಾಸವಿದೆಯೇ ಎಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಮೂರು ತಂತ್ರಾಂಶಗಳನ್ನು ಕೇಳಿದರು. ವ್ಯತ್ಯಾಸವಿಲ್ಲವೆಂದೇ ಉತ್ತರ ಬರಬೇಕು. ಸಂಖ್ಯಾಶಾಸ್ತ್ರದ ಕರಾರಿನಂತೆ ನೂರರಲ್ಲಿ ಐದು ಸಲ ಮಾತ್ರ ತಪ್ಪಬಹುದು. ಇಂಥ ಪರೀಕ್ಷೆಯನ್ನು ಲಕ್ಷಗಟ್ಟಲೆ ಸಲ ಮಾಡಿ ನೋಡಿದಾಗ, ಕೆಲವು ಬಗೆಯ ಲೆಕ್ಕಾಚಾರಗಳಲ್ಲಿ ನೂರರಲ್ಲಿ ಎಪ್ಪತ್ತು ಸಲದವರೆಗೂ ಇಲ್ಲದ ವ್ಯತ್ಯಾಸವನ್ನು ಇದೆಯೆಂದು ತಂತ್ರಾಂಶ ಹೇಳಿತು! ಅವುಗಳಲ್ಲೊಂದರಲ್ಲಿ ಹದಿನೈದು ವರ್ಷಗಳಿಂದ ಒಂದು ದೋಷ ಅಡಗಿ ಕುಳಿತಿದ್ದುದೂ ಹೊರಬಿದ್ದಿತು. ೨೦೧೬ರಲ್ಲಿ ಈ ಪ್ರಬಂಧ ಪ್ರಕಟವಾದಾಗ ವಿದ್ವತ್ ಪ್ರಪಂಚ ತಲ್ಲಣಿಸಿತು.

ಇದರಿಂದ ಈ ವಿದ್ಯೆಯೆಲ್ಲ ಸುಳ್ಳೆಂದು ತಿಳಿಯಬಾರದು. ದೋಷ ಬಹುವಾಗಿ ಕಂಡದ್ದು ಒಂದು ಬಗೆಯ ಸಡಿಲವಾದ ಲೆಕ್ಕಾಚಾರದಲ್ಲಿ, ಅದನ್ನು ತಿದ್ದಿಕೊಂಡರು. ನಾವು ಗಮನಿಸಬೇಕಾದುದು ಬೇರೆ. ಆ ೪೯೯ ಮಂದಿಯ ಚಿತ್ರಗಳನ್ನು ತೆಗೆದವರಿಗೆ ಇಂಥದೊಂದು ಪರೀಕ್ಷೆ ನಡೆಯುವುದೆಂಬ ಕಲ್ಪನೆಯೂ ಇರಲಿಲ್ಲ. ದತ್ತಾಂಶ ಒಬ್ಬೊಬ್ಬರ ಬೀರುವಿನಲ್ಲಿಯೇ ಇದ್ದಿದ್ದರೆ ಆ ತಪ್ಪು ಇನ್ನೆಷ್ಟು ಕಾಲ ನಡೆದುಕೊಂಡು ಹೋಗುತ್ತಿತ್ತೋ ಹೇಳಬಲ್ಲವರಾರು?

ಹನಿಗೂಡಿದರೆ ಹಳ್ಳ

ಹಂಚಿಕೆ ಬೇಕೆನ್ನುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಮಿದುಳಿನ ಸಂಶೋಧನೆ ದುಬಾರಿ. ಆದುದರಿಂದ ಒಂದೊಂದು ಪ್ರಯೋಗಕ್ಕೆ ಇಪ್ಪತ್ತು ಮೂವತ್ತು ಮಂದಿ ಸಿಕ್ಕಿದರೆ ಸಾಕೆಂದು ಸಮಾಧಾನಪಟ್ಟುಕೊಳ್ಳುವುದು ರೂಢಿಯಾಗಿತ್ತು. ನಿಜವಾಗಿ ಇರುವ ಒಂದು ಪರಿಣಾಮವನ್ನು ಪತ್ತೆಮಾಡುವ ಶಕ್ತಿ ನರವಿಜ್ಞಾನದ ಪ್ರಯೋಗಗಳಲ್ಲಿ ಎಷ್ಟಿದೆಯೆಂದು ೨೦೧೩ರಲ್ಲಿ ಕೆಲವರು ಲೆಕ್ಕಹಾಕಿದಾಗ, ನಡುವಣ ಅಂಕಿ ನೂರಕ್ಕೆ ೨೧ ಎಂದು ಬಂದಿತು. ಅಂದರೆ ಬಾವಿಯಲ್ಲಿ ಬಿದ್ದ ಕೊಡವನ್ನು ಹುಡುಕಲು ಇಳಿಸಿದ ಪಾತಾಳಗರಡಿ ಐದು ಸಲ ಇಳಿಸಿದರೆ ಒಂದು ಸಲ ಮಾತ್ರ ಸಿಕ್ಕಿಸಿಕೊಂಡು ಬಂದಂತೆ. ೨೦೨೨ರಲ್ಲಿ ಸುಮಾರು ೫೦,೦೦೦ ಮಂದಿಯ ಚಿತ್ರಗಳನ್ನು ಕೂಡಿಸಿ ನೋಡಿದ ಇನ್ನೊಂದು ಸಂಶೋಧನೆಯಲ್ಲಿ, ಜನಜನರ ಮಿದುಳಿನ ವ್ಯತ್ಯಾಸಕ್ಕೂ ಅವರ ಬುದ್ಧಿಶಕ್ತಿ ಅಥವಾ ಮನೋವ್ಯಾಧಿಗೂ ಇರುವ ಸಂಬಂಧವನ್ನು ನಂಬಿಕೆಯಿಂದ ಹೇಳಬೇಕಾದರೆ ಸಾವಿರಾರು ಮಂದಿ ಬೇಕೆಂದು ತೋರಿಬಂತು. ಯಾವ ಒಂದು ಪ್ರಯೋಗಶಾಲೆಗೆ ಇದು ಸಾಧ್ಯ? ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆಯೇ ಇಲ್ಲಿ ದಾರಿ.

ಈ ದಾರಿಯನ್ನು ಮೊದಲೇ ಹಿಡಿದವರೂ ಉಂಟು. ಮುಪ್ಪಿನಲ್ಲಿ ಬರುವ ಆಲ್‌ಝೈಮರ್ ಎಂಬ ಮರೆವಿನ ರೋಗದ ಬಗ್ಗೆ ೨೦೦೪ರಲ್ಲಿ ಅಮೆರಿಕದಲ್ಲಿ ಒಂದು ದೊಡ್ಡ ಯೋಜನೆ ಆರಂಭವಾಯಿತು. ಮುಖ್ಯಸ್ಥರು ಮೈಕೇಲ್ ವೀನರ್ ಎಂಬವರು. ಸರಕಾರವೂ ಔಷಧ ಕಂಪೆನಿಗಳೂ ಕೂಡಿ ಹಣ ಹಾಕಿದವು. ಪೇಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಕಂಪೆನಿಗಳು ಒಂದೇ ಚಾಪೆಯ ಮೇಲೆ ಕುಳಿತು, ಬಂದ ದತ್ತಾಂಶ ಯಾರೊಬ್ಬರ ಸ್ವತ್ತೂ ಅಲ್ಲ, ಯೋಗ್ಯರಾದ ಸಂಶೋಧಕರು ಅರ್ಜಿ ಹಾಕಿ ಕೇಳಿದರೆ ತಡಮಾಡದೆ ಕೊಡತಕ್ಕದ್ದು ಎಂದು ಒಪ್ಪಿದವು. ಸುಮಾರು ೮೦೦ ಮಂದಿ ಹಿರಿಯರಿಂದ ಮೊದಲಾದ ಆ ಕೆಲಸ ಇಂದಿಗೂ ನಡೆದಿದೆ. ಅದರ ದತ್ತಾಂಶದಿಂದ ಹುಟ್ಟಿದ ಪ್ರಬಂಧಗಳು ಸಾವಿರಾರು. ಬ್ರಿಟನ್ನಿನಲ್ಲಿ ಐದು ಲಕ್ಷ ಮಂದಿ ಸ್ವಯಂಸೇವಕರ ಆರೋಗ್ಯದ ದಾಖಲೆಯಿರುವ ಬಯೋಬ್ಯಾಂಕ್ ಎಂಬ ಭಂಡಾರ, ಅವರಲ್ಲಿ ಒಂದು ಲಕ್ಷ ಮಂದಿಯ ಮಿದುಳು ಮತ್ತಿತರ ಅಂಗಗಳ ಚಿತ್ರ ತೆಗೆಯುವ ಕೆಲಸವನ್ನು ೨೦೨೫ರಲ್ಲಿ ಮುಗಿಸಿತು.

ಡಬ್ಬಿಗೆ ಚೀಟಿ ಅಂಟಿಸುವ ಶಾಸ್ತ್ರ

ಹೋಟೆಲಿನ ಉಗ್ರಾಣ ನೋಡಿಕೊಂಡವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಹಳೆಯ ಭಟ್ಟರು ಇರುವತನಕ ಯಾವ ಡಬ್ಬಿಯಲ್ಲಿ ಏನಿದೆಯೆಂದು ಬರೆದಿಡುವ ಅಗತ್ಯ ಯಾರಿಗೂ ತೋರುವುದಿಲ್ಲ; ಅವರಿಗೆ ಕತ್ತಲಲ್ಲಿಯೂ ಕೈಗೆ ಸಿಗುತ್ತದೆ. ಅವರು ಊರಿಗೆ ಹೊರಟ ಮರುದಿನ ಬೆಳಗ್ಗೆ ನಾಲ್ಕು ಗಂಟೆಗೆ ಹೊಸಬ ಬಂದು ನಿಂತಾಗ ಗೊತ್ತಾಗುತ್ತದೆ, ಉಗ್ರಾಣ ತುಂಬಿದ್ದರೂ ಅದು ಬರಿದೇ ಎಂದು. ಪ್ರಯೋಗಶಾಲೆಗಳಲ್ಲಿಯೂ ಆಗುತ್ತಿದ್ದದ್ದು ಇದೇ. ದತ್ತಾಂಶಕ್ಕೆ ವಿದ್ಯಾರ್ಥಿ ತನಗೆ ತೋಚಿದ ಹೆಸರಿಡುತ್ತಿದ್ದ. ಪದವಿ ಪಡೆದು ಬೇರೆ ಊರಿಗೆ ಹೋಗುತ್ತಿದ್ದ. 'ಹೊಸದು', 'ಕೊನೆಯದು', 'ನಿಜವಾದ ಕೊನೆಯದು' ಎಂಬ ಹೆಸರಿನ ಕಡತಗಳಲ್ಲಿ ಯಾವುದು ಪ್ರಬಂಧಕ್ಕೆ ಬಳಸಿದ್ದೆಂದು ಗುರುಗಳಿಗೂ ತಿಳಿಯುತ್ತಿರಲಿಲ್ಲ.

೨೦೧೬ರಲ್ಲಿ ಇದಕ್ಕೆ ಬಿಡ್ಸ್ ಎಂಬ ಒಂದು ಒಮ್ಮತದ ಪದ್ಧತಿ ಪ್ರಕಟವಾಯಿತು. ಅದರ ನಿಯಮಗಳನ್ನು ಕೇಳಿದರೆ 'ಇಷ್ಟೇಯೆ?' ಎನಿಸುತ್ತದೆ. ಪ್ರತಿಯೊಬ್ಬ ಮನುಷ್ಯನಿಗೆ ಒಂದು ಸಂಖ್ಯೆ, ಆ ಸಂಖ್ಯೆಯದೇ ಒಂದು ಕಪಾಟು. ಅದರೊಳಗೆ ಮಿದುಳಿನ ರಚನೆಯ ಚಿತ್ರಕ್ಕೆ ಒಂದು ಖಾನೆ, ಕೆಲಸದ ಚಿತ್ರಕ್ಕೆ ಇನ್ನೊಂದು. ಕಡತದ ಹೆಸರಿನಲ್ಲಿಯೇ ಯಾರದು, ಯಾವ ಕೆಲಸದ್ದು, ಯಾವ ಬಗೆಯ ಚಿತ್ರ ಎಂಬುದು ಇದೇ ಅನುಕ್ರಮದಲ್ಲಿ ಬರಬೇಕು. ಎಷ್ಟು ಸೆಕೆಂಡಿಗೊಮ್ಮೆ ಚಿತ್ರ ತೆಗೆದರು ಎಂಬಂಥ ವಿವರಗಳ ಚೀಟಿ ಪಕ್ಕದಲ್ಲಿಯೇ ಇರಬೇಕು. ಎಲ್ಲರ ವಯಸ್ಸು ಮುಂತಾದುವಕ್ಕೆ ಒಂದು ಸಾಮಾನ್ಯ ಪಟ್ಟಿ. ಹೀಗೆ ಇಟ್ಟರೆ ಟೋಕಿಯೋದ ದತ್ತಾಂಶವನ್ನು ಬೆಂಗಳೂರಿನವರು ಒಂದು ಪತ್ರವನ್ನೂ ಬರೆಯದೆ ಓದಬಹುದು, ಗಣಕಯಂತ್ರವೇ ಓದಿಕೊಳ್ಳಬಹುದು. ಅದೇ ವರ್ಷ ಎಲ್ಲ ಬಗೆಯ ವಿಜ್ಞಾನಗಳಿಗೂ ಅನ್ವಯಿಸುವ ನಾಲ್ಕು ಸೂತ್ರಗಳನ್ನು ವಿದ್ವಾಂಸರು ಸಾರಿದರು: ಹುಡುಕಿದರೆ ಸಿಗಬೇಕು, ಸಿಕ್ಕಿದ್ದು ಕೈಗೆ ಬರಬೇಕು, ಬಂದದ್ದು ಬೇರೆ ದತ್ತಾಂಶದೊಡನೆ ಹೊಂದಬೇಕು, ಹೊಂದಿದ್ದು ಮತ್ತೆ ಬಳಕೆಗೆ ಒದಗಬೇಕು.

ಆದರೂ ದತ್ತಾಂಶವೊಂದೇ ಸಾಲದು. ೨೦೨೦ರಲ್ಲಿ ಪ್ರಕಟವಾದ ಒಂದು ಸ್ವಾರಸ್ಯದ ಪ್ರಯೋಗದಲ್ಲಿ ೧೦೮ ಮಂದಿಯ ಒಂದೇ ದತ್ತಾಂಶವನ್ನು ೭೦ ತಂಡಗಳಿಗೆ ಕೊಟ್ಟು, ಒಂಬತ್ತು ಪ್ರಶ್ನೆಗಳಿಗೆ ಹೌದು ಅಥವಾ ಅಲ್ಲ ಎಂದು ಉತ್ತರ ಹೇಳಲು ಕೇಳಿದರು. ಲೆಕ್ಕಾಚಾರದ ದಾರಿಯಲ್ಲಿ ಯಾವ ಎರಡು ತಂಡಗಳೂ ಒಂದೇ ಆಗಿರಲಿಲ್ಲ. ಕೆಲವು ಪ್ರಶ್ನೆಗಳಿಗೆ ಉತ್ತರಗಳಲ್ಲಿಯೂ ಬಹಳ ಭೇದ ಬಂದಿತು. ಒಂದೇ ಅಕ್ಕಿ, ಒಂದೇ ಉದ್ದು ಕೊಟ್ಟರೂ ಎಪ್ಪತ್ತು ಮಂದಿ ಭಟ್ಟರ ದೋಸೆ ಎಪ್ಪತ್ತು ಬಗೆಯಾಗುವಂತೆ! ಆದಕಾರಣ ದತ್ತಾಂಶದ ಜೊತೆಗೆ ಅದನ್ನು ಬೇಯಿಸಿದ ಕ್ರಮವನ್ನೂ ಹೆಜ್ಜೆಹೆಜ್ಜೆಯಾಗಿ ಬರೆದು ಒಪ್ಪಿಸಬೇಕೆಂಬುದು ಈಗ ವಿಜ್ಞಾನಿಗಳಲ್ಲಿ ಬಲವಾಗುತ್ತಿರುವ ಅಭಿಪ್ರಾಯ.

ಮುಖದ ಗುಟ್ಟು

ಎಲ್ಲವನ್ನೂ ತೆರೆದಿಡಿ ಎಂದು ಹೇಳಿ ಮುಗಿಸುವುದು ಸುಲಭ; ಆದರೆ ಅದು ಪೂರ್ತಿ ಸತ್ಯವಲ್ಲ. ಮಿದುಳಿನ ಚಿತ್ರದೊಡನೆ ಮುಖದ ಆಕಾರವೂ ಅಚ್ಚಾಗಿ ಬರುತ್ತದೆ. ಹೆಸರನ್ನು ಅಳಿಸಿದರೂ ಮುಖ ಉಳಿಯುತ್ತದೆ. ೨೦೧೯ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಸಂಸ್ಥೆಯವರು ೮೪ ಮಂದಿ ಸ್ವಯಂಸೇವಕರ ಎಂ.ಆರ್.ಐ. ಚಿತ್ರಗಳಿಂದ ಮುಖಗಳನ್ನು ರೂಪಿಸಿ, ಮುಖ ಗುರುತಿಸುವ ತಂತ್ರಾಂಶಕ್ಕೆ ಅವರ ಛಾಯಾಚಿತ್ರಗಳ ಜೊತೆ ಹೋಲಿಸಲು ಕೊಟ್ಟರು. ೮೪ರಲ್ಲಿ ೭೦ ಮಂದಿಯನ್ನು ಅದು ಸರಿಯಾಗಿ ಗುರುತಿಸಿತು. ಹುಚ್ಚು, ಮೂರ್ಛೆ, ಮರೆವು ಎಂಬ ಮಾತು ಹೊರಬಿದ್ದರೆ ಮದುವೆಯ ಮಾತುಕತೆ ಮುರಿಯುವ, ಕೆಲಸ ತಪ್ಪುವ ನಮ್ಮ ಸಮಾಜದಲ್ಲಿ ಇದು ಸಣ್ಣ ವಿಷಯವಲ್ಲ. ಆದುದರಿಂದ ಚಿತ್ರವನ್ನು ಹಂಚುವ ಮುನ್ನ ಮುಖದ ಭಾಗವನ್ನು ಅಳಿಸುವುದು, ಹುಟ್ಟಿದ ದಿನದ ಬದಲು ವಯಸ್ಸನ್ನು ಮಾತ್ರ ಬರೆಯುವುದು, ನಾಜೂಕಾದ ದತ್ತಾಂಶವನ್ನು ಕರಾರಿಗೆ ರುಜು ಹಾಕಿದವರಿಗೆ ಮಾತ್ರ ಕೊಡುವುದು ಮುಂತಾದ ಕಟ್ಟುಪಾಡುಗಳಿವೆ. ಬೀಗ ಹಾಕುವುದೂ ತಪ್ಪು, ಬಾಗಿಲನ್ನೇ ಕಿತ್ತುಹಾಕುವುದೂ ತಪ್ಪು. ಯಾರು ಬಂದರು, ಏನು ಒಯ್ದರು ಎಂದು ಬರೆದುಕೊಳ್ಳುವ ಕಾವಲುಗಾರ ಇರಬೇಕು.

೨೦೨೩ರ ಜನವರಿ ೨೫ರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಹಣ ಪಡೆಯುವ ಸಂಶೋಧಕರು ದತ್ತಾಂಶವನ್ನು ಹೇಗೆ ಇಡುತ್ತೇವೆ, ಹೇಗೆ ಹಂಚುತ್ತೇವೆ ಎಂಬ ಯೋಜನೆಯನ್ನು ಅರ್ಜಿಯೊಡನೆಯೇ ಸಲ್ಲಿಸಬೇಕೆಂದು ವಿಧಿಸಿತು. ಅದರ ವೆಚ್ಚವನ್ನೂ ಅನುದಾನದಲ್ಲಿ ಕೇಳಬಹುದು. ೨೦೦೦ದಲ್ಲಿ ಗಝಾನಿಗ ಅವರ ಮುಂದೆ ಸಂಶೋಧಕರು ಎತ್ತಿದ 'ಸಂಬಳ ಕೊಡುವವರಾರು' ಎಂಬ ಪ್ರಶ್ನೆಗೆ ಉತ್ತರ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು.

ನಮ್ಮ ಕಡೆಯ ಮಾತು

ಇದೆಲ್ಲ ಪರದೇಶದ ಸಮಾಚಾರವೆಂದು ತಿಳಿಯಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಾನವ ಮಿದುಳುಗಳ ಭಂಡಾರ ೧೯೯೫ರಿಂದ ನಡೆದಿದೆ. ದುಃಖದ ಗಳಿಗೆಯಲ್ಲಿಯೂ ತಮ್ಮವರ ಮಿದುಳನ್ನು ವಿಜ್ಞಾನಕ್ಕೆ ಕೊಡಲು ಒಪ್ಪಿದ ಕುಟುಂಬಗಳಿಂದ ಬೆಳೆದ ಸಂಪತ್ತು ಅದು. ಚೆನ್ನೈಯ ಐ.ಐ.ಟಿ.ಯ ಸುಧಾ ಗೋಪಾಲಕೃಷ್ಣನ್ ಮಿದುಳು ಕೇಂದ್ರದವರು ೨೦೨೪ರ ಡಿಸೆಂಬರಿನಲ್ಲಿ ಗರ್ಭಸ್ಥ ಶಿಶುವಿನ ಮಿದುಳಿನ ೫,೧೩೨ ಪದರಗಳ ಚಿತ್ರಗಳನ್ನು 'ಧರಣಿ' ಎಂಬ ಹೆಸರಿನಲ್ಲಿ ಜಗತ್ತಿನ ಎಲ್ಲ ಸಂಶೋಧಕರಿಗೂ ತೆರೆದಿಟ್ಟಿದ್ದಾರೆ. ಆ ನಗರದಲ್ಲಿರುವ ನಮ್ಮ ಕನ್ನಡಿಗ ವಿದ್ಯಾರ್ಥಿಗಳು ಅದನ್ನು ಮನೆಯಲ್ಲಿ ಕುಳಿತೇ ನೋಡಬಹುದು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನ ಕೇಂದ್ರದವರು ೪೫ ವರ್ಷ ದಾಟಿದ ಹಳ್ಳಿಗರನ್ನು, ಹತ್ತು ಸಾವಿರ ಮಂದಿಯ ಗುರಿಯಿಟ್ಟುಕೊಂಡು, ವರ್ಷವರ್ಷವೂ ಪರ್ಯಾಲೋಚಿಸುತ್ತಿದ್ದಾರೆ. ಮುಪ್ಪಿನಲ್ಲಿ ಮಿದುಳು ಹೇಗೆ ಬದಲಾಗುತ್ತದೆ, ಮರೆವು ಯಾರಿಗೆ ಬರುತ್ತದೆ ಎಂಬುದೇ ಅವರ ಪ್ರಶ್ನೆ. ಇದರ ಮಹತ್ವವನ್ನು ಸ್ವಲ್ಪ ಯೋಚಿಸಬೇಕು. ಮೇಲೆ ಹೇಳಿದ ದೊಡ್ಡ ಭಂಡಾರಗಳಲ್ಲಿ ಇರುವವರು ಬಹುಪಾಲು ಪಾಶ್ಚಾತ್ಯರು, ಓದುಬರಹ ಬಲ್ಲವರು. ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿದ, ಶಾಲೆಯ ಮೆಟ್ಟಿಲು ಹತ್ತದ ತಾಯಿಯೊಬ್ಬಳ ಮಿದುಳು ಹೇಗೆ ಮುಪ್ಪಾಗುತ್ತದೆಂಬುದನ್ನು ಅವರ ಅಳತೆಗೋಲಿನಿಂದ ಅಳೆಯಲಾಗದು. ಜಗತ್ತಿನ ಲೆಕ್ಕದ ಪುಸ್ತಕದಲ್ಲಿ ನಮ್ಮವರ ಹೆಸರಿಗೂ ಒಂದು ಪುಟ ಇರಬೇಕಾದರೆ ಇಂಥ ಕೆಲಸ ನಡೆಯಬೇಕು. ನಡೆದದ್ದು ಕ್ರಮವಾಗಿ ಉಳಿಯಬೇಕು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ವಿಷಯ ದೂರದ್ದಲ್ಲ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ತಾಯಿ ಮೊಮ್ಮಗನ ಹೆಸರು ತಡಕಾಡುವುದನ್ನು, ತಂದೆ ಗದ್ದೆಯ ದಾರಿ ತಪ್ಪಿ ನಿಂತುದನ್ನು ಕಂಡವರು ನಮ್ಮಲ್ಲಿ ಎಷ್ಟೋ ಮಂದಿ. ಆ ರೋಗವನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ದೊರೆಯಬೇಕಾದರೆ ಅದು ಒಬ್ಬ ಮೇಧಾವಿಯ ಕೋಣೆಯಿಂದಲ್ಲ, ಸಾವಿರಾರು ಸಾಮಾನ್ಯರು ಕೊಟ್ಟು ನೂರಾರು ಮಂದಿ ಜೋಡಿಸಿಟ್ಟ ಇಂಥ ಭಂಡಾರಗಳಿಂದಲೇ ಎಂಬ ನಂಬಿಕೆ ನಮಗಿದೆ.

ಆದುದರಿಂದ ವಾಚಕರಲ್ಲಿ ನಮ್ಮ ಅರಿಕೆಯಿಷ್ಟು. ನಿಮ್ಮನ್ನಾಗಲಿ ನಿಮ್ಮ ಹಿರಿಯರನ್ನಾಗಲಿ ಸಂಶೋಧನೆಗೆ ಒಪ್ಪಿಗೆ ಕೇಳಿದಾಗ, ಭಯದಿಂದ ಓಡಿಹೋಗಲೂ ಬೇಡಿ, ಓದದೆ ರುಜು ಹಾಕಲೂ ಬೇಡಿ. ಈ ದಾಖಲೆ ಎಲ್ಲಿರುತ್ತದೆ, ಯಾರ ಕೈಗೆ ಹೋಗುತ್ತದೆ, ನಮ್ಮ ಹೆಸರು ಮುಖಗಳನ್ನು ಹೇಗೆ ಮರೆಮಾಡುತ್ತೀರಿ, ನಾಳೆ ಬೇಡವೆಂದರೆ ಹಿಂದೆಗೆಯಲು ಬರುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ನಮ್ಮ ದೇಶದಲ್ಲಿಯೂ ವ್ಯಕ್ತಿಗಳ ದತ್ತಾಂಶದ ರಕ್ಷಣೆಗೆ ೨೦೨೩ರಲ್ಲಿ ಕಾನೂನಾಗಿದೆ, ಕೇಳುವುದರಲ್ಲಿ ಸಂಕೋಚವಿರಬಾರದು. ಐದನೆಯದಾಗಿ ಇದನ್ನೂ ಕೇಳಿರಿ: ನೀವು ಈ ಊರು ಬಿಟ್ಟುಹೋದ ಮೇಲೆ ಬರುವವರಿಗೆ ಇದನ್ನು ಓದಲು ಬರುವಂತೆ ಬರೆದಿಡುತ್ತೀರಾ? ಸರಿಯಾದ ಉತ್ತರ ಬಂದರೆ ಸಂತೋಷದಿಂದ ಒಪ್ಪಿಕೊಳ್ಳಿರಿ.

ಹೆನ್ರಿ ಮೊಲೈಸನ್ ತಾನು ಕೊಟ್ಟುದನ್ನು ತಾನೇ ನೆನಪಿಡಲಾರದವನಾಗಿದ್ದ. ಆತನ ಪರವಾಗಿ ನೆನಪಿಡುವ ಹೊಣೆ ಪಡೆದವರ ಮೇಲೆ ಬಿದ್ದಿತು. ಕೊಡುವವರು ಯಾರೇ ಆಗಲಿ, ಪಡೆದವರ ಹೊಣೆ ಅದೇ.